ತೋಟ ಕಾಯುವವನು, ತಮ್ಮನನ್ನೂ ಕಾಯುವವನು



ಜೂನ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಸಸಿ ನೆಡುವ ಸಂಭ್ರಮ. ಪೂಜೆಯ ನಂತರ ಗುರುಗಳು ಸಸಿಗಳನ್ನು ಆಶೀರ್ವದಿಸುತ್ತಾರೆ, ಯುವಜನರು ಗುಂಡಿ ತೋಡುತ್ತಾರೆ, ಫೋಟೊ ತೆಗೆಯುತ್ತಾರೆ. ಮುಂದಿನ ಮಾರ್ಚ್‌ನಲ್ಲಿ ಹೋಗಿ ನೋಡಿದರೆ ಉಳಿದಿರುವುದು ಒಣಗಿದ ಕಡ್ಡಿಗಳು.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಹಿಂದೆ ಸೇವೆ ಸಲ್ಲಿಸಿದ ಊರೊಂದರಲ್ಲಿ ದೇವಾಲಯದ ಪಕ್ಕದ ಖಾಲಿ ಜಾಗಕ್ಕೆ ಮುಳ್ಳುತಂತಿ ಹಾಕಿಸಿ ಸಸಿ ನೆಡಿಸಿದೆ. ಅಲ್ಲಿ ಸುತ್ತಲಿನ ಮಕ್ಕಳು ಆಡುತ್ತಿದ್ದರು, ಹೆಂಗಸರು ಬಟ್ಟೆ ಒಣಹಾಕುತ್ತಿದ್ದರು. ಅವರಲ್ಲಿ ಒಬ್ಬರನ್ನೂ ನಾನು ಕೇಳಲಿಲ್ಲ. ಆರು ತಿಂಗಳಲ್ಲಿ ತಂತಿಯೂ ಇಲ್ಲ, ಸಸಿಯೂ ಇಲ್ಲ. ಈ ಜನರಿಗೆ ಮರದ ಬೆಲೆ ಗೊತ್ತಿಲ್ಲವೆಂದು ಪ್ರಬೋಧನೆಯಲ್ಲಿ ಗದರಿದೆ. ನೆರೆಯವರ ಬೆಲೆ ನನಗೇ ಗೊತ್ತಿರಲಿಲ್ಲವೆಂದು ಹೊಳೆದದ್ದು ಬಹಳ ತಡವಾಗಿ.

ಆದಿಕಾಂಡದ 2ನೇ ಅಧ್ಯಾಯದ 15ನೇ ವಚನವನ್ನು ತೆರೆದು ನೋಡಿ. ದೇವರು ಮನುಷ್ಯನನ್ನು ಏದೆನ್ ತೋಟದಲ್ಲಿಟ್ಟು, ಅದನ್ನು ಕೃಷಿ ಮಾಡುವ ಮತ್ತು ಕಾಯುವ ಕೆಲಸ ಒಪ್ಪಿಸುತ್ತಾರೆ. ‘ಕಾಯುವುದು’ ಎಂಬುದಕ್ಕೆ ಹೀಬ್ರೂ ಮೂಲದಲ್ಲಿರುವ ಪದ ‘ಶಾಮರ್’. ಈಗ 4ನೇ ಅಧ್ಯಾಯದ 9ನೇ ವಚನಕ್ಕೆ ಬನ್ನಿ. ತಮ್ಮನನ್ನು ಕೊಂದ ಕಾಯಿನನು, ತಾನೇನು ತಮ್ಮನನ್ನು ಕಾಯುವವನೇ ಎಂದು ದೇವರಿಗೇ ಎದುರಾಡುತ್ತಾನೆ. ಅಲ್ಲಿಯೂ ಅದೇ ಪದ! ತೋಟ ಕಾಯುವುದಕ್ಕೂ ತಮ್ಮನನ್ನು ಕಾಯುವುದಕ್ಕೂ ಪವಿತ್ರ ಗ್ರಂಥದಲ್ಲಿ ಒಂದೇ ಮಾತು. ತಮ್ಮನನ್ನು ಕಾಯದವನಿಗೆ ನೆಲವೂ ಫಲ ಕೊಡಲಿಲ್ಲ ಎಂಬುದನ್ನು ಅದೇ ಅಧ್ಯಾಯ ತಿಳಿಸುತ್ತದೆ. ನೆರೆಯವರನ್ನು ಹೊರಗಿಟ್ಟು ಬೆಳೆಸುವ ತೋಟ ನಿಲ್ಲುವುದಿಲ್ಲ.

ಜಗದ್ಗುರು ಫ್ರಾನ್ಸಿಸ್‌ರವರು 2015ರಲ್ಲಿ ‘ಲೌದಾತೊ ಸಿ’ ಎಂಬ ವಿಶ್ವಪತ್ರವನ್ನು ಹೊರಡಿಸಿದರು. ಅದರ 232ನೇ ಪರಿಚ್ಛೇದದಲ್ಲಿ ಅವರು ಇದನ್ನೇ ಬೋಧಿಸಿದ್ದಾರೆ. ಎಲ್ಲರೂ ರಾಜಕೀಯಕ್ಕೆ ಇಳಿಯಬೇಕಾಗಿಲ್ಲ. ಊರಿನ ಒಂದು ಸಾರ್ವಜನಿಕ ಸ್ಥಳವನ್ನು ಕಾಪಾಡಲು ಜನ ಒಟ್ಟುಗೂಡಿದರೆ ಅವರ ನಡುವೆ ಹೊಸ ಬಾಂಧವ್ಯ ಹುಟ್ಟುತ್ತದೆ, ಅದೂ ಪರರ ಪ್ರೀತಿಯ ಕಾರ್ಯವೇ ಎಂಬುದು ಅದರ ಸಾರ.

ಇದಕ್ಕೆ ನಮ್ಮ ನಾಡಿನದೇ ಉದಾಹರಣೆಯುಂಟು. ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿರುವ ಕೈಕೊಂಡ್ರಹಳ್ಳಿ ಕೆರೆ ಹಾಳುಬಿದ್ದಿತ್ತು. 2009ರ ಸುಮಾರಿಗೆ ಅದರ ಪುನಶ್ಚೇತನ ಆರಂಭವಾದಾಗ ಮಹಾನಗರ ಪಾಲಿಕೆಯ ಜೊತೆ ಹೊಸ ಬಡಾವಣೆಗಳ ನಿವಾಸಿಗಳೂ ಹಳೆಯ ಊರಿನವರೂ ಸೇರಿಕೊಂಡರು. ಅದು ವಾಯುವಿಹಾರಕ್ಕೆ ಬರುವವರಿಗೆ ಮಾತ್ರ ಮೀಸಲಾಗಲಿಲ್ಲ. ದನಗಳಿಗೆ ಹುಲ್ಲು ಕೊಯ್ಯುವವರಿಗೆ, ಪಕ್ಕದ ಸರ್ಕಾರಿ ಶಾಲೆಯ ಮಕ್ಕಳಿಗೆ, ಗಣೇಶ ವಿಸರ್ಜನೆ ಮಾಡುವವರಿಗೆ ಕೂಡ ಅಲ್ಲಿ ಸ್ಥಳವಾಯಿತು.

ಹಾಗಾದರೆ ನಾವೇನು ಮಾಡೋಣ? ಗುಂಡಿ ತೋಡುವ ಮೊದಲು ಆ ಜಾಗವನ್ನು ಯಾರು ಬಳಸುತ್ತಾರೆಂದು ವಿಚಾರಿಸಿರಿ. ಅವರು ಯಾವ ಧರ್ಮದವರಾದರೂ ಕರೆದು ಕೂರಿಸಿ ಕೇಳಿರಿ. ಮಕ್ಕಳ ಆಟಕ್ಕೆ ಜಾಗ ಬಿಟ್ಟು, ಅಂಚಿನಲ್ಲಿ ಹೊಂಗೆ, ಬೇವು, ನೇರಳೆ ನೆಡಿರಿ. ನೂರು ಸಸಿ ನೆಟ್ಟು ಮರೆಯುವುದಕ್ಕಿಂತ ಹತ್ತು ಸಸಿ ಸಾಕುವುದು ಲೇಸು. ಮೊದಲ ಎರಡು ಮೂರು ಬೇಸಿಗೆ ಯಾವ ಮನೆಯವರು ಯಾವ ದಿನ ನೀರೆರೆಯಬೇಕೆಂದು ಸರದಿ ಗೊತ್ತುಮಾಡಿರಿ. ಬಿಂದಿಗೆ ಹಿಡಿದು ಒಟ್ಟಿಗೆ ನಡೆಯುವ ಆ ದಾರಿಯಲ್ಲೇ ಎಷ್ಟೋ ಹಳೆಯ ಮನಸ್ತಾಪಗಳು ಕರಗುತ್ತವೆ.

ಪುನರುತ್ಥಾನದ ಮುಂಜಾನೆ ಮಗ್ದಲದ ಮರಿಯಳು ಯೇಸುಸ್ವಾಮಿಯನ್ನು ತೋಟಗಾರನೆಂದು ಭಾವಿಸಿದಳಂತೆ. ಆಕೆ ತಪ್ಪು ತಿಳಿದಳೆಂದು ನಾವು ಹೇಳುತ್ತೇವೆ. ಆದರೆ ಆದಾಮನ ಕೈತಪ್ಪಿದ ತೋಟವನ್ನೂ ಕಾಯಿನನು ಕಳೆದುಕೊಂಡ ತಮ್ಮನನ್ನೂ ಮರಳಿ ಕಾಯಲು ಬಂದವರು ಅವರೇ ಅಲ್ಲವೇ?

ಮನೆಯಲ್ಲಿ ಚಿಂತನೆಗೆ: ನಮ್ಮ ಬೀದಿಯಲ್ಲಿ ಯಾರದೂ ಅಲ್ಲವೆಂದು ಬಿಟ್ಟಿರುವ ಜಾಗ ಯಾವುದು? ಅದರ ಬಗ್ಗೆ ಈ ವಾರ ನಾವು ಯಾವ ನೆರೆಮನೆಯ ಬಾಗಿಲು ತಟ್ಟೋಣ?