ಕೌಂಟರಿನ ಈಚೆ ನಿಂತು ಕಲಿತ ಪಾಠಗಳು

1983ರಲ್ಲಿ ಆರ್. ಪ್ರಭಾಕರ್ ಅವರು ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದ ಮೇಲೆ ಊರಿನ ಹೋಟೆಲ್ ಪದ್ಧತಿಯೇ ಬೇರೆಯಾಯಿತು. ಕೂರಿಸಿ ಬಡಿಸುವವರು ಇಲ್ಲ. ದುಡ್ಡು ಕೊಟ್ಟು, ಟೋಕನ್ ಹಿಡಿದು, ಕೌಂಟರಿಗೆ ಹೋಗಿ, ನಿಂತೇ ತಿನ್ನಬೇಕು. ಇಂಥ ಕಡೆ ಉಪಚಾರಕ್ಕೆ ಜಾಗವೆಲ್ಲಿ ಎಂದು ಕೇಳುವವರಿದ್ದಾರೆ. ಗಿರಾಕಿ ನಮ್ಮೆದುರು ಅರ್ಧ ನಿಮಿಷ ನಿಂತರೆ ಹೆಚ್ಚು, ನಿಜ. ಅದಕ್ಕೇ ಆ ಅರ್ಧ ನಿಮಿಷ ಕೆಡಬಾರದು. ದಕ್ಷಿಣ ಬೆಂಗಳೂರಿನ ಒಂದು ಪುಟ್ಟ ದರ್ಶಿನಿಯನ್ನು ವರ್ಷಗಟ್ಟಲೆ ನಡೆಸಿಕೊಂಡು ಬಂದಿದ್ದೇನೆ. ನಮ್ಮಲ್ಲಿ ಹೆಚ್ಚು ಹೋಗುವುದು ಎರಡೇ: ಫಿಲ್ಟರ್ ಕಾಫಿ ಮತ್ತು ಉದ್ದಿನ ವಡೆ. ಕಲಿತದ್ದೆಲ್ಲ ಆ ಎರಡರಿಂದಲೇ.

1. ಉಪಚಾರ ಶುರುವಾಗುವುದು ಷಟರ್ ಎತ್ತುವ ಮುಂಚೆ

ಬೆಳಿಗ್ಗೆ ಬರುವವರಿಗೆ ಹೊಸದೇನೂ ಬೇಕಿಲ್ಲ. ನಿನ್ನೆ ಕುಡಿದ ಕಾಫಿಯೇ ಇವತ್ತೂ ಬೇಕು. ಈ ಕೆಲಸದಲ್ಲಿ ಇದಕ್ಕಿಂತ ಕಷ್ಟದ ಬೇಡಿಕೆ ಇನ್ನೊಂದಿಲ್ಲ. ಹಾಲು ಒಂದು ದಿನ ಗಟ್ಟಿ, ಒಂದು ದಿನ ತೆಳು. ಪುಡಿ ಸ್ವಲ್ಪ ನುಣ್ಣಗಾದರೆ ಡಿಕಾಕ್ಷನ್ ಇಳಿಯುವುದೇ ಇಲ್ಲ, ತರಿಯಾದರೆ ನೀರಿನಂತೆ ಸುರಿದುಬಿಡುತ್ತದೆ. ಇಳಿದ ಡಿಕಾಕ್ಷನ್ ಅನ್ನು ನೇರವಾಗಿ ಒಲೆಯ ಮೇಲಿಟ್ಟರೆ ಘಮ ಹೋಗಿ ಕಹಿ ಉಳಿಯುತ್ತದೆ. ಬಿಸಿ ನೀರಿನ ಪಾತ್ರೆಯೊಳಗೆ ಇಟ್ಟರೆ ಸ್ವಲ್ಪ ಹೊತ್ತು ತಾಳುತ್ತದೆ, ಆಮೇಲೆ ಹೊಸದಾಗಿ ಹಾಕಲೇಬೇಕು. ಎಂಟು ಗಂಟೆಯ ನೂಕುನುಗ್ಗಲಿನಲ್ಲಿ ಡಿಕಾಕ್ಷನ್ ಮುಗಿದು, ಎರಡನೇ ಸಲ ಇಳಿಸಿದ ತೆಳುವನ್ನೇ ಬೆರೆಸಿ ಕೊಟ್ಟರೆ ನಾವು ಎಷ್ಟು ನಯವಾಗಿ ಮಾತಾಡಿದರೂ ಫಲವಿಲ್ಲ. ಹೊಸ ಡಿಕಾಕ್ಷನ್ ಯಾವಾಗ ಹಾಕಬೇಕು ಎಂಬುದನ್ನು ಸಾಲು ಹೇಳಬಾರದು, ಗಡಿಯಾರ ಹೇಳಬೇಕು.

ಚಿಕೋರಿ ಎಷ್ಟು ಎಂದು ಯಾರಾದರೂ ಕೇಳಿದರೆ ಅಳುಕದೆ ಹೇಳಬೇಕು. ಆಹಾರ ಸುರಕ್ಷತಾ ನಿಯಮದ ಪ್ರಕಾರ ಕಾಫಿ-ಚಿಕೋರಿ ಪುಡಿಯಲ್ಲಿ ಚಿಕೋರಿ ಶೇ. 49 ಮೀರಬಾರದು, ಪೊಟ್ಟಣದ ಮೇಲೆ ಅದರ ಪ್ರಮಾಣ ಅಚ್ಚಾಗಿರಬೇಕು. ಆ ಪೊಟ್ಟಣವನ್ನು ಗಿರಾಕಿಗೆ ಕಾಣುವಂತೆ ಇಟ್ಟರೆ ಅರ್ಧ ಪ್ರಶ್ನೆಗಳು ಅಲ್ಲೇ ಮುಗಿಯುತ್ತವೆ.

2. 'ಸಕ್ಕರೆ ಇಲ್ದೆ' ಎಂದದ್ದು ಕಿವಿಗೆ ಬೀಳಬೇಕು

ಕಾಫಿ ಕೌಂಟರಿನ ಗದ್ದಲದಲ್ಲಿ ಮೊದಲು ಕಳೆದುಹೋಗುವ ಮಾತು ಇದೇ. ನಮ್ಮಲ್ಲಿ ಬೆಳಗಿನ ಮೊದಲ ತಂಡ ಪಾರ್ಕಿನಲ್ಲಿ ನಡೆದು ಬರುವ ಹಿರಿಯರದು. ಅವರಲ್ಲಿ ಅರ್ಧ ಮಂದಿಗೆ ಸಕ್ಕರೆ ಕಾಯಿಲೆ. ಅವರ ಬಾಯಲ್ಲಿ ಅದು ರುಚಿಯ ಮಾತಲ್ಲ, ಆರೋಗ್ಯದ ಮಾತು. ಆದ್ದರಿಂದ ಡಿಕಾಕ್ಷನ್‌ಗೆ ಮೊದಲೇ ಸಕ್ಕರೆ ಕಲಸಿಡುವ ಅಭ್ಯಾಸವನ್ನು ನಮ್ಮ ಕೌಂಟರಿಗೆ ಬರಗೊಡಲಿಲ್ಲ. ಪ್ರತಿ ಲೋಟಕ್ಕೂ ಬೇರೆಯಾಗಿ ಹಾಕುವುದರಿಂದ ಮೂರು ಸೆಕೆಂಡು ತಡವಾಗುತ್ತದೆ, ಆಗಲಿ. ಗಲ್ಲಾದಲ್ಲಿ ಟೋಕನ್ ಕೊಡುವವರೇ ಅದರ ಮೇಲೆ ಗುರುತು ಹಾಕಿ ಕಳಿಸಿದರೆ ಕಾಫಿ ಬೆರೆಸುವ ಹುಡುಗ ನೆನಪಿನ ಮೇಲೆ ನಿಲ್ಲಬೇಕಾಗಿಲ್ಲ. ಇಷ್ಟಾಗಿಯೂ ತಪ್ಪಿ ಸಕ್ಕರೆ ಬಿದ್ದರೆ ಆ ಲೋಟ ಚೆಲ್ಲಿ ಬೇರೆ ಮಾಡಿಕೊಡಬೇಕು. 'ನೀವು ಹೇಳ್ಲೇ ಇಲ್ಲ ಸಾರ್' ಎಂಬ ಮಾತು ನಮ್ಮ ಕೌಂಟರಿನಲ್ಲಿ ನಿಷಿದ್ಧ. ಅವರು ಹೇಳಿದ್ದರೋ ಇಲ್ಲವೋ ಎಂಬ ವಾದ ಗೆದ್ದು ನಮಗೆ ಆಗಬೇಕಾದದ್ದೇನು?

3. ಬೈಟು ಕೇಳಿದವರೂ ಪೂರ್ತಿ ಗಿರಾಕಿಯೇ

ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವುದು ಬೆಂಗಳೂರಿನ ಹಳೆಯ ರೂಢಿ. ಕೆಲವರಿಗೆ ಅದು ಲೆಕ್ಕಾಚಾರ, ಹಲವರಿಗೆ ಮಾತಾಡಲು ಒಂದು ನೆಪ. ಎರಡು ಲೋಟ ತೊಳೆಯಬೇಕು, ದುಡ್ಡು ಒಂದರದ್ದು ಎಂದು ಮುಖ ಸಿಂಡರಿಸುವ ಹುಡುಗರನ್ನು ನೋಡಿದ್ದೇನೆ. ಎರಡೂ ಲೋಟಕ್ಕೆ ಸಮವಾಗಿ, ಎರಡಕ್ಕೂ ನೊರೆ ಬರುವಂತೆ ಎತ್ತಿ ಹೊಯ್ದು ಕೊಡಿ ಎಂದು ಅವರಿಗೆ ಹೇಳಿಕೊಡುತ್ತೇನೆ.

4. ತಣ್ಣನೆಯ ವಡೆಗೆ ಟೋಕನ್ ಹರಿಯಬಾರದು

ಉದ್ದಿನ ವಡೆಯ ಆಯುಷ್ಯ ತೀರಾ ಕಡಿಮೆ. ಎಣ್ಣೆಯಿಂದ ತೆಗೆದ ಹತ್ತು ನಿಮಿಷ ಅದು ರಾಜ, ಆಮೇಲೆ ಹೊರಗಿನ ಗರಿ ಮೆತ್ತಗಾಗುತ್ತದೆ. ಹಿಟ್ಟು ರುಬ್ಬುವಾಗ ನೀರು ಹೆಚ್ಚಾಗಿದ್ದರಂತೂ ಎಣ್ಣೆ ಕುಡಿದು ಕೂತಿರುತ್ತದೆ. ಹನ್ನೊಂದು ಗಂಟೆಗೆ ಟ್ರೇಯಲ್ಲಿ ನಾಲ್ಕು ವಡೆ ಉಳಿದಿರುವಾಗ ಗಿರಾಕಿ ಬಂದರೆ, ದುಡ್ಡು ತೆಗೆದುಕೊಳ್ಳುವ ಮೊದಲೇ ಹೇಳಬೇಕು: 'ಬಿಸಿ ಇಲ್ಲ ಸಾರ್, ಐದು ನಿಮಿಷ ಆದ್ರೆ ಹೊಸದು ಬರತ್ತೆ. ಇಲ್ಲಾಂದ್ರೆ ಸಾಂಬಾರಲ್ಲಿ ಅದ್ದಿ ಕೊಡ್ಲಾ?' ಹೆಚ್ಚಿನವರು ಕಾಯುತ್ತಾರೆ ಅಥವಾ ಸಾಂಬಾರ್ ವಡೆ ತೆಗೆದುಕೊಳ್ಳುತ್ತಾರೆ. ಕಚ್ಚಿದ ಮೇಲೆ ಗೊತ್ತಾದರೆ ಮಾತ್ರ ಯಾರೂ ಕ್ಷಮಿಸುವುದಿಲ್ಲ. ಬಹಳ ಜನ ದೂರುವುದೂ ಇಲ್ಲ, ಸುಮ್ಮನೆ ಬೇರೆ ಹೋಟೆಲಿಗೆ ಹೋಗುತ್ತಾರೆ. ಬಂದು ಬೈಯುವವರು ನನಗೆ ಉಪಕಾರಿಗಳು.

5. ಬೆಲೆ ಏರಿಸಿ, ಲೋಟ ಕುಗ್ಗಿಸಬೇಡಿ

2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಕಾಫಿ ಬೀಜದ ಬೆಲೆ ಅದಕ್ಕೂ ಮೊದಲೇ ಗಗನಕ್ಕೇರಿತ್ತು. ಆಗ ಹಲವು ಕಡೆ ಬೋರ್ಡಿನ ಮೇಲಿನ ದರ ಹಾಗೇ ಉಳಿದು, ಲೋಟ ಚಿಕ್ಕದಾಯಿತು, ಡಿಕಾಕ್ಷನ್ ತೆಳುವಾಯಿತು. ನಾನು ಇದನ್ನು ವಂಚನೆ ಎಂದೇ ಕರೆಯುತ್ತೇನೆ. ದಿನವೂ ಕುಡಿಯುವವನ ನಾಲಿಗೆಗೆ ತಿಳಿಯದೇ? ನಾವು ವಾರ ಮುಂಚಿತವಾಗಿ ದೊಡ್ಡಕ್ಷರದಲ್ಲಿ ಬರೆದು ಹಾಕಿದೆವು: ಹಾಲು ಇಷ್ಟು ಏರಿದೆ, ಪುಡಿ ಇಷ್ಟು ಏರಿದೆ, ಆದ್ದರಿಂದ ಕಾಫಿ ಇಷ್ಟು. ಎರಡು ದಿನ ಗೊಣಗಾಟವಿತ್ತು. ಸಾಲು ಕರಗಲಿಲ್ಲ.

6. ಚಿಲ್ಲರೆಯ ಬದಲು ಚಾಕೊಲೇಟ್ ಕೊಡಬಾರದು

ಇದಕ್ಕೆ ವಿವರಣೆ ಬೇಕಿಲ್ಲ. ಯುಪಿಐ ಬಗ್ಗೆ ಮಾತ್ರ ಒಂದು ಮಾತು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಊರ ತುಂಬ 'ನಗದು ಮಾತ್ರ' ಎಂಬ ಚೀಟಿಗಳು ಅಂಟಿದವು. ವ್ಯಾಪಾರಿಗಳ ಭಯ ನನಗೆ ಅರ್ಥವಾಗುತ್ತದೆ. ಆದರೆ ಇಲಾಖೆಯೊಡನೆ ನಮಗಿರುವ ತಕರಾರನ್ನು, ಜೇಬಿನಲ್ಲಿ ಫೋನ್ ಒಂದೇ ಇಟ್ಟುಕೊಂಡು ಬರುವ ಕಾಲೇಜು ಹುಡುಗಿಯ ತಲೆಗೆ ಕಟ್ಟುವುದು ಸರಿಯಲ್ಲ. ಹಾಗೆಯೇ ಫೋನ್ ಗೊತ್ತಿಲ್ಲದ ಅಜ್ಜನಿಗೆ 'ಸ್ಕ್ಯಾನ್ ಮಾಡಿ' ಎನ್ನುವುದೂ ಸರಿಯಲ್ಲ. ಸೌಂಡ್ ಬಾಕ್ಸ್ ಕೂಗದೆ, ಗಿರಾಕಿ 'ದುಡ್ಡು ಕಟ್ ಆಗಿದೆ' ಎಂದರೆ ಮೊದಲು ಕಾಫಿ ಕೊಡಿ. ಆರಿಹೋಗುವುದು ಅದೇ.

7. ನಿಂತು ಕುಡಿಯಲು ಆಗದವರಿಗೆ ನಾಲ್ಕು ಕುರ್ಚಿ

ದರ್ಶಿನಿ ಎಂದರೆ ನಿಂತೇ ತಿನ್ನಬೇಕು ಎಂಬುದು ಜಾಗ ಉಳಿಸಲು ಮಾಡಿಕೊಂಡ ಏರ್ಪಾಡು, ಶಾಸ್ತ್ರವಲ್ಲ. ಗೋಡೆ ಬದಿಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹಾಕಿದೆವು. ಮಂಡಿನೋವಿನ ಅಮ್ಮಂದಿರು, ಬಸುರಿಯರು ಕೂರುತ್ತಾರೆ. ಅವರ ಲೋಟವನ್ನು ಅಲ್ಲಿಗೇ ಒಯ್ದು ಕೊಡುವುದು ಕೌಂಟರ್ ಹುಡುಗನ ಕೆಲಸ. ಅದಕ್ಕೆ ಟಿಪ್ಸ್ ಇಲ್ಲ.

8. ಟೇಬಲ್ ಒರೆಸುವವರೇ ನಮ್ಮ ಮುಖ

ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿ, ಶಿಸ್ತು ನೋಡಿ ಬಂದು ತಮ್ಮಲ್ಲೂ ಅದನ್ನು ತಂದರು. ಈ ಊರಿನ ಹೋಟೆಲಿನವರಿಗೆಲ್ಲ ಅದು ಇಂದಿಗೂ ಅಳತೆಗೋಲು. ಆದರೆ ಶುಚಿಯನ್ನು ನಿಜವಾಗಿ ಕಾಯುವವರು ನಮ್ಮ ಕ್ಲೀನರ್‌ಗಳು. ಹಿಂದೆ ಕುಂದಾಪುರ, ಉಡುಪಿ ಕಡೆಯ ಹುಡುಗರು ಬರುತ್ತಿದ್ದರು. ಈಗ ಅಸ್ಸಾಂ, ಒಡಿಶಾ, ಬಿಹಾರದಿಂದ ಬರುತ್ತಾರೆ. ಬಂದ ವಾರದಲ್ಲೇ ಅವರಿಗೆ ಕನ್ನಡದಲ್ಲಿ ಒಂದರಿಂದ ಇಪ್ಪತ್ತು, 'ಬನ್ನಿ', 'ಸ್ವಲ್ಪ ಇರಿ', 'ಇನ್ನೂ ಚಟ್ನಿ ಬೇಕಾ' ಎಂದು ಕಲಿಸುತ್ತೇವೆ. ಷಟರ್ ಎತ್ತುವ ಮೊದಲು ಎಲ್ಲರೂ ತಿಂಡಿ ತಿಂದಿರಬೇಕು. ಹಸಿದವನ ಕೈಯಿಂದ ಇನ್ನೊಬ್ಬರಿಗೆ ತಿಂಡಿ ಕೊಡಿಸುವುದು ಅನ್ಯಾಯ, ಅವನಿಗೆ ಸಿಟ್ಟು ಬರುವುದು ಸಹಜ.

ಕನ್ನಡ ಬರುವುದಿಲ್ಲವೆಂದು ಅಂಥ ಹುಡುಗನೊಬ್ಬನನ್ನು ಗಿರಾಕಿಯೊಬ್ಬರು ಎಲ್ಲರೆದುರು ಹೀನಾಯವಾಗಿ ಬೈದರು. ನಾನು ಗಲ್ಲಾ ಬಿಟ್ಟು ಎದ್ದು ಹೋಗಿ, 'ಸಾರ್, ಅವನು ಕಲೀತಾ ಇದ್ದಾನೆ. ನಿಮಗೆ ಏನು ಬೇಕು ನನಗೆ ಹೇಳಿ, ಅವನನ್ನ ಬೈಬೇಡಿ' ಎಂದೆ. ಅವರು ಟೋಕನ್ ದುಡ್ಡು ವಾಪಸ್ ಕೇಳಿದರು, ಕೊಟ್ಟೆ. ಗಿರಾಕಿಯ ಮಾತಿಗೆ ಎದುರಾಡಬಾರದು ಎಂದು ಹೋಟೆಲಿನವರು ಹೇಳುತ್ತಲೇ ಇರುತ್ತಾರೆ. ಕಾಫಿಯ ವಿಷಯದಲ್ಲಿ ನಾನೂ ಎದುರಾಡುವುದಿಲ್ಲ. ನಮ್ಮ ಹುಡುಗರ ಮರ್ಯಾದೆಯ ವಿಷಯದಲ್ಲಿ ಆಡುತ್ತೇನೆ.