ಕಾಣಿಕೆಗೆ ಮೊದಲು
(ಕ್ರೈಸ್ತರ ಆರಾಧನೆಯಲ್ಲಿ ಹೃದಯದ ಯಥಾರ್ಥತೆ)

ಕಳೆದ ವರ್ಷ ಮಳೆಗಾಲದ ಒಂದು ಶನಿವಾರ ಸಂಜೆ ನಾವು ವಾಚನಾಲಯದ ದೀಪ ಹಚ್ಚಿ ದಿನಪತ್ರಿಕೆಗಳನ್ನು ಮೇಜಿನ ಮೇಲೆ ಜೋಡಿಸುತ್ತಿದ್ದಾಗ, ನಮ್ಮ ಗಿರಣಿಯ ಕಚೇರಿಯಲ್ಲಿಯೇ ಲೆಕ್ಕ ಬರೆಯುವ ಸ್ನೇಹಿತರೊಬ್ಬರು ಕೊಡೆ ಮಡಚುತ್ತ ಬಾಗಿಲಲ್ಲಿ ಬಂದು ನಿಂತರು. ಅವರು ಧಾರವಾಡದ ಕಡೆಯ ಕ್ರೈಸ್ತರು. ಅವರಿಗೂ ನಮಗೂ ಎರಡು ತಿಂಗಳಿಂದ ಮಾತಿರಲಿಲ್ಲ. ಹತ್ತಿಯ ಬೇಲುಗಳ ಲೆಕ್ಕದಲ್ಲಿ ಬಿದ್ದ ಒಂದು ತಪ್ಪು ಅವರ ಕೈಯದು. ಮೇಲಿನವರು ವಿಚಾರಿಸಿದಾಗ ಅವರು ಸುಮ್ಮನಿದ್ದುದರಿಂದ ಅದು ನಮ್ಮ ತಲೆಗೆ ಬಂದಿತ್ತು.

"ನಾಳಿ ನಮ್ಮಲ್ಲಿ ಕರ್ತನ ಭೋಜನ ಅದರೀ," ಎಂದರು ಅವರು. "ನಿಮ್ಮ ಕಡೆ ಬರದ ಅಲ್ಲಿಗೆ ಹೋಗಾಕ ಮನಸ್ಸು ಒಪ್ಪಲಿಲ್ಲ. ತಪ್ಪು ನಂದು. ಸೋಮವಾರ ಸಾಹೇಬರ ಮುಂದನೂ ಹೇಳತೇನಿ."

"ಆತು ಬಿಡ್ರಿ, ಅದೇನು ದೊಡ್ಡದು," ಎಂದೆವು ನಾವು. ಅವರು ಕೈಮುಗಿದು ಹೋದರು. ಸೋಮವಾರ ಹೇಳಿದಂತೆಯೇ ಸಾಹೇಬರ ಮುಂದೆ ತಪ್ಪೊಪ್ಪಿಕೊಂಡರು.

ದೇವರ ಪೂಜೆಗೂ ಬೇಲಿನ ಲೆಕ್ಕಕ್ಕೂ ಏನು ಸಂಬಂಧವೆಂಬ ಕುತೂಹಲದಿಂದ ನಾವು ಅಂದೇ ಕಪಾಟಿನಿಂದ ಕನ್ನಡ ಬೈಬಲನ್ನು ತೆಗೆದೆವು. ಈ ಗ್ರಂಥ ಕನ್ನಡಕ್ಕೆ ಹೊಸದಲ್ಲ. ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎಂಬವರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಬಂದಿತ್ತು. ನಾವು ಪಂಡಿತರಲ್ಲ. ಆದರೂ ಅಲ್ಲಿ ಓದಿ ತಿಳಿದುದನ್ನು, ಬಲ್ಲವರನ್ನು ಕೇಳಿ ತಿದ್ದಿಕೊಂಡು, ವಾಚಕರ ಮುಂದೆ ಇಡುತ್ತಿದ್ದೇವೆ.

ನಮ್ಮ ಸ್ನೇಹಿತರನ್ನು ಮಳೆಯಲ್ಲಿ ನಡೆಸಿದ ಮಾತು ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿದೆ. ಯೇಸು ಬೆಟ್ಟದ ಮೇಲೆ ಕುಳಿತು ಜನರಿಗೆ ಬೋಧಿಸಿದನೆಂದು ಹೇಳುವ ಭಾಗವದು. ಒಬ್ಬನು ಬಲಿಪೀಠದ ಹತ್ತಿರ ಕಾಣಿಕೆಯನ್ನು ತಂದಿದ್ದಾನೆ. ಆಗ ತನ್ನ ಸಹೋದರನ ಮನಸ್ಸಿನಲ್ಲಿ ತನ್ನ ಮೇಲೆ ಏನೋ ದೂರಿದೆಯೆಂಬುದು ನೆನಪಾಗುತ್ತದೆ. ಅಂಥವನು ಕಾಣಿಕೆಯನ್ನು ಅಲ್ಲಿಯೇ ಬಿಟ್ಟು, ಹೋಗಿ ಸಹೋದರನ ಸಂಗಡ ಒಂದಾಗಬೇಕು. ಕಾಣಿಕೆ ಕೊಡುವುದು ಅದಾದ ಮೇಲೆ.

ಓದಿದ ಕೂಡಲೆ ಇದು ಸುಲಭದ ನೀತಿಯೆನಿಸುತ್ತದೆ. ನಾವೂ ಮೊದಲು ಹಾಗೆಯೇ ಓದಿ ಮುಂದೆ ಸರಿದೆವು. ಎರಡನೆಯ ಸಲ ಓದುವಾಗ ಎರಡು ಸಂಗತಿಗಳು ತಡೆದು ನಿಲ್ಲಿಸಿದವು.

ಮೊದಲನೆಯದು ದಾರಿಯ ದೂರ. ಈ ಮಾತು ನಡೆದದ್ದು ಗಲಿಲಾಯದಲ್ಲಿ. ಯೆಹೂದ್ಯರ ಬಲಿಪೀಠವಿದ್ದದ್ದು ಯೆರೂಸಲೇಮಿನ ದೇವಾಲಯವೊಂದರಲ್ಲಿಯೇ. ನಡುವೆ ನೂರು ಕಿಲೋಮೀಟರಿಗೂ ಮೇಲು. ಕಾಲ್ನಡಿಗೆಯಲ್ಲಿ ಮೂರು ನಾಲ್ಕು ದಿನಗಳ ಹಾದಿ. ಅಷ್ಟು ದೂರ ನಡೆದು, ಬಲಿಯ ಪ್ರಾಣಿಯನ್ನು ಕೊಂಡು, ಜನಜಂಗುಳಿಯಲ್ಲಿ ಸರದಿ ಬರುವ ತನಕ ಕಾದು, ಇನ್ನೇನು ಅರ್ಪಿಸಬೇಕೆನ್ನುವಾಗ ಊರಿನಲ್ಲಿರುವ ಅಣ್ಣನ ನೆನಪಾದರೆ ತಿರುಗಿ ಊರಿಗೆ ನಡೆಯಬೇಕು, ಮತ್ತೆ ಬರಬೇಕು. ಒಟ್ಟು ಒಂದು ವಾರ ಹೋಯಿತು! ಕೇಳುತ್ತಿದ್ದ ಗಲಿಲಾಯದ ರೈತರೂ ಮೀನುಗಾರರೂ ಈ ಲೆಕ್ಕವನ್ನು ಮನಸ್ಸಿನಲ್ಲಿಯೇ ಹಾಕಿಕೊಂಡಿರಬೇಕು. ಸಮಾಧಾನದ ಬೆಲೆಯೇನೆಂಬುದು ಅವರಿಗೆ ಕಾಲಿನ ನೋವಿನಿಂದಲೇ ತಿಳಿಯುವಂತೆ ಹೇಳಿದ ಮಾತಿದು.

ಎರಡನೆಯದು ಇನ್ನೂ ಸೂಕ್ಷ್ಮ. ನಿನಗೆ ಅವನ ಮೇಲೆ ಸಿಟ್ಟಿದ್ದರೆ ಎಂದು ಇಲ್ಲಿ ಹೇಳಿಲ್ಲ; ಅವನಿಗೆ ನಿನ್ನ ಮೇಲೆ ದೂರಿದ್ದರೆ ಎಂದಿದೆ. ನಮ್ಮ ಮನಸ್ಸು ತಿಳಿಯಾಗಿದೆಯೋ ಇಲ್ಲವೋ ಎಂದು ಒಳಗೆ ನೋಡಿಕೊಂಡರೆ ಸಾಕೆಂದು ನಾವೆಲ್ಲ ಭಾವಿಸುತ್ತೇವೆ. ಪರರಿಗೆ ನೋವು ಮಾಡಿದವನ ಮನಸ್ಸು ಬಹಳ ಸಲ ತಿಳಿಯಾಗಿಯೇ ಇರುತ್ತದೆ, ಮರೆತಿರುತ್ತಾನೆ. ಕದಡಿರುವುದು ನೊಂದವನ ಮನಸ್ಸು. ಆದಕಾರಣ ಆರಾಧಕನ ಯಥಾರ್ಥತೆಗೆ ಸಾಕ್ಷಿ ಅವನ ಎದೆಯಲ್ಲಿ ಮಾತ್ರವಲ್ಲ, ಇನ್ನೊಬ್ಬನ ಎದೆಯಲ್ಲಿಯೂ ಉಂಟು. ಅಂತರಂಗದ ಶುದ್ಧಿಯನ್ನು ಬಸವಣ್ಣನವರ ವಚನಗಳಿಂದಲೂ ದಾಸರ ಪದಗಳಿಂದಲೂ ಅರಿತ ಕನ್ನಡಿಗರಿಗೆ ಕ್ರೈಸ್ತರ ಈ ಬೋಧೆ ಅಪರಿಚಿತವೆನಿಸದು. ಆದರೆ 'ಎಲ್ಲರೂ ಹೇಳುವುದು ಒಂದೇ' ಎಂದು ಪುಸ್ತಕ ಮುಚ್ಚಿಬಿಡುವುದು ಸೋಮಾರಿತನ. ಒಬ್ಬೊಬ್ಬರು ಬೆರಳಿಟ್ಟು ತೋರಿಸುವ ಜಾಗ ಬೇರೆ ಬೇರೆ.

ಅದೇ ಬೋಧೆಯ ಮುಂದಿನ ಅಧ್ಯಾಯದಲ್ಲಿ ದಾನ, ಪ್ರಾರ್ಥನೆ, ಉಪವಾಸಗಳನ್ನು ಜನರಿಗೆ ಕಾಣಲೆಂದು ಮಾಡುವವರ ವಿಚಾರ ಬರುತ್ತದೆ. ಅವರಿಗೆ ಕನ್ನಡ ಬೈಬಲು 'ಕಪಟಿಗಳು' ಎನ್ನುತ್ತದೆ. ಮೂಲದ ಗ್ರೀಕ್ ಮಾತಿಗೆ ರಂಗದ ಮೇಲೆ ಪಾತ್ರ ಮಾಡುವವನೆಂಬ ಅರ್ಥವಿತ್ತಂತೆ. ನಮ್ಮ ಬಯಲಾಟದ ವೇಷಗಾರನಿಗೆ ಈ ಮಾತು ಬಡಿಯುವುದಿಲ್ಲ. ಅವನು ಬಣ್ಣ ಹಚ್ಚಿದ್ದಾನೆಂಬುದು ನೋಡುವವರಿಗೆ ಗೊತ್ತು, ಬೆಳಗಾದರೆ ಅವನು ಬಣ್ಣ ತೊಳೆಯುತ್ತಾನೆ. ಪೂಜೆಯಲ್ಲಿ ವೇಷ ಹಾಕಿದವನ ಗತಿ ಹಾಗಲ್ಲ. ಕಾಲ ಕಳೆದಂತೆ ಬಣ್ಣ ಹಚ್ಚಿದ್ದು ಅವನಿಗೇ ಮರೆತುಹೋಗುತ್ತದೆ.

ಈ ಎಚ್ಚರಿಕೆ ಯೇಸುವಿನಿಂದಲೇ ಆರಂಭವಾದುದಲ್ಲ. ಅವನಿಗೆ ಏಳು ಶತಮಾನಗಳಿಗೂ ಮೊದಲು ಆಮೋಸನೆಂಬ ಪ್ರವಾದಿ ಇದ್ದನು. ತೆಕೋವದವನು, ಕುರಿ ಕಾಯುತ್ತ, ಅತ್ತಿಮರಗಳನ್ನು ನೋಡಿಕೊಳ್ಳುತ್ತ ಇದ್ದವನು. ಹಬ್ಬವೂ ಸಬ್ಬತ್ತೂ ಯಾವಾಗ ಮುಗಿದಾವು, ಅಂಗಡಿ ಯಾವಾಗ ತೆರೆದೇವು ಎಂದು ಪೂಜೆಯ ನಡುವೆಯೇ ತವಕಿಸುವ ಧಾನ್ಯದ ವರ್ತಕರನ್ನು ಅವನು ಹೆಸರಿಸದೆ ಬಯಲಿಗೆಳೆದಿದ್ದಾನೆ. ಅವರ ಕೈಚಳಕವನ್ನೂ ಹೇಳುತ್ತಾನೆ: ಕಾಳು ಅಳೆದು ಕೊಡುವ ಅಳತೆ ಸಣ್ಣದು, ಬೆಳ್ಳಿ ತೂಗಿ ತೆಗೆದುಕೊಳ್ಳುವ ಕಲ್ಲು ದೊಡ್ಡದು. ಒಂದೇ ವ್ಯಾಪಾರದಲ್ಲಿ ಎರಡು ಕಡೆಯ ಲಾಭ! ಲೆಕ್ಕ ಬರೆಯುವವರಾದ ನಮಗೆ ಈ ಕುರಿಗಾಹಿಯ ಕಣ್ಣಿನ ಹರಿತ ಕಂಡು ಆಶ್ಚರ್ಯವಾಯಿತು. ಇಂಥವರ ಹಾಡುಗಳೂ ಬಲಿಗಳೂ ದೇವರಿಗೆ ಬೇಡವಾದವೆಂಬುದು ಅವನ ತೀರ್ಪು.

ಇದಕ್ಕೆ ಎದುರಾಗಿ ಮಾರ್ಕನ ಸುವಾರ್ತೆಯಲ್ಲಿ ಒಬ್ಬ ಬಡ ವಿಧವೆಯ ಕಥೆ ಬರುತ್ತದೆ; ಬಹಳ ಜನ ಕೇಳಿರಬಹುದು. ಯೆರೂಸಲೇಮಿನ ದೇವಾಲಯದಲ್ಲಿ ಕಾಣಿಕೆ ಹಾಕಲು ತುತ್ತೂರಿಯ ಆಕಾರದ 13 ಪೆಟ್ಟಿಗೆಗಳಿದ್ದವೆಂದು ಯೆಹೂದ್ಯರ ಮಿಶ್ನಾ ಗ್ರಂಥ ಹೇಳುತ್ತದೆ. ಹಣವಂತರು ಬಹಳ ಬಹಳ ಹಾಕುತ್ತಿದ್ದಾಗ ಆ ಹೆಂಗಸು ಎರಡು ಚಿಕ್ಕ ಕಾಸುಗಳನ್ನು ಹಾಕಿದಳು. ಅವುಗಳ ಬೆಲೆಯೆಷ್ಟು? ಎರಡೂ ಸೇರಿ ಒಂದು ಕ್ವಾದ್ರಾಂತ ಎಂದು ಮಾರ್ಕನೇ ಹೇಳುತ್ತಾನೆ. ರೋಮಿನ ನಾಣ್ಯಪದ್ಧತಿಯಲ್ಲಿ ದೆನಾರಿಯಸ್ ಎಂಬ ಬೆಳ್ಳಿಯ ನಾಣ್ಯಕ್ಕೆ 16 ಆಸ್, ಒಂದು ಆಸಿಗೆ 4 ಕ್ವಾದ್ರಾಂತ. ಅಂದರೆ ಒಂದು ದೆನಾರಿಗೆ 64. ಹಿರಿಯರಿಗೆ ಈ ಲೆಕ್ಕ ಬಾಯಿಪಾಠವಿದ್ದೀತು. 1957ರಲ್ಲಿ ದಶಮಾನ ನಾಣ್ಯ ಬರುವ ತನಕ ನಮ್ಮ ರೂಪಾಯಿಗೂ 16 ಆಣೆ, 64 ಪೈಸೆಯೇ ಇತ್ತಲ್ಲವೆ! ಮತ್ತಾಯನ ಇನ್ನೊಂದು ಕಥೆಯಲ್ಲಿ ದ್ರಾಕ್ಷೆಯ ತೋಟದ ಕೂಲಿಗೆ ದಿನಕ್ಕೆ ಒಂದು ದೆನಾರಿ ಗೊತ್ತುಮಾಡಿದ್ದಾರೆ. ಆದುದರಿಂದ ಆಕೆ ಹಾಕಿದ್ದು ಒಂದು ದಿನದ ಕೂಲಿಯ 64ನೆಯ ಒಂದು ಪಾಲು. ಅದೇ ಆಕೆಯ ಸರ್ವಸ್ವವಾಗಿತ್ತು. ಕಾಸು ಎರಡಿದ್ದವು, ಒಂದನ್ನು ಉಳಿಸಿಕೊಳ್ಳಬಹುದಾಗಿತ್ತು ಎಂಬುದನ್ನೂ ವಾಚಕರು ಗಮನಿಸಬೇಕು. ಎಲ್ಲರಿಗಿಂತ ಹೆಚ್ಚು ಹಾಕಿದವಳು ಈಕೆಯೇ ಎಂದನಂತೆ ಯೇಸು. ಜಮೆಯ ಪುಸ್ತಕದಲ್ಲಿ ಮಾತ್ರ ಹಾಗೆ ಬರೆಯಲು ಬರುವುದಿಲ್ಲ.

ಮುಂದೆ ಕ್ರೈಸ್ತ ಸಭೆಗಳು ಹುಟ್ಟಿದ ಮೇಲಾದರೂ ಈ ತೊಡಕು ಬಗೆಹರಿಯಿತೋ ಎಂದರೆ, ಇಲ್ಲ. ಸುಮಾರು ಕ್ರಿ. ಶ. 55ರಲ್ಲಿ ಪೌಲನು ಗ್ರೀಸಿನ ಕೊರಿಂಥ ಪಟ್ಟಣದ ಸಭೆಗೆ ಬರೆದ ಕಾಗದ ಉಳಿದುಬಂದಿದೆ. ಅಲ್ಲಿ ಕರ್ತನ ಭೋಜನಕ್ಕೆ ಎಲ್ಲರೂ ಕೂಡುತ್ತಿದ್ದರು. ಆದರೆ ಉಳ್ಳವರು ತಮ್ಮ ಬುತ್ತಿಯನ್ನು ತಾವು ಮೊದಲೇ ತಿಂದು ಮುಗಿಸುತ್ತಿದ್ದರು. ಇಲ್ಲದವರು ಹಸಿದು ಕೂರುತ್ತಿದ್ದರು. ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ಕುಡಿತದ ಅಮಲು. ಹೀಗೆ ಮಾಡುವುದು ಕರ್ತನ ಭೋಜನವೇ ಅಲ್ಲವೆಂದು ಪೌಲನು ಕಡ್ಡಿ ಮುರಿದಂತೆ ಹೇಳುತ್ತಾನೆ, ಪ್ರತಿಯೊಬ್ಬನೂ ತನ್ನನ್ನು ತಾನೇ ಪರೀಕ್ಷಿಸಿಕೊಂಡು ರೊಟ್ಟಿಗೆ ಕೈಹಾಕಬೇಕೆನ್ನುತ್ತಾನೆ. ಅಲ್ಲಿ ಮಂತ್ರದಲ್ಲಿ ತಪ್ಪಿರಲಿಲ್ಲ, ಪಂಕ್ತಿಯಲ್ಲಿ ತಪ್ಪಿತ್ತು. (ಪಂಕ್ತಿಯ ವಿಚಾರದಲ್ಲಿ ಕೊರಿಂಥದವರನ್ನು ನೋಡಿ ನಗುವ ಅಧಿಕಾರ ನಮ್ಮ ದೇಶದಲ್ಲಿ ಯಾರಿಗೂ ಇದ್ದಂತಿಲ್ಲ.)

ಕ್ರಿ. ಶ. 70ರಲ್ಲಿ ರೋಮನರು ಯೆರೂಸಲೇಮಿನ ದೇವಾಲಯವನ್ನು ನಾಶಮಾಡಿದರು. ಬಲಿಪೀಠವೇ ಇಲ್ಲವಾಯಿತು, ಆದರೂ ಕಾಣಿಕೆಯ ಮಾತು ಅಳಿಯಲಿಲ್ಲ. 'ದಿದಖೆ' ಎಂಬ ಬಹು ಪುರಾತನ ಕೈಪಿಡಿಯೊಂದುಂಟು. 1873ರಲ್ಲಿ ಕಾನ್‌ಸ್ಟಾಂಟಿನೋಪಲಿನ ಪುಸ್ತಕಭಂಡಾರದಲ್ಲಿ ಬ್ರಯೆನ್ನಿಯೋಸ್ ಎಂಬ ಪಂಡಿತರ ಕಣ್ಣಿಗೆ ಬಿದ್ದು 1883ರಲ್ಲಿ ಅಚ್ಚಾಯಿತು. ಜೊತೆಯವನೊಡನೆ ಜಗಳವಿರುವವನು ಸಮಾಧಾನವಾಗುವ ತನಕ ಭಾನುವಾರದ ಕೂಟಕ್ಕೆ ಸೇರಬಾರದು ಎಂಬ ಕಟ್ಟಳೆ ಅದರಲ್ಲಿದೆ.

ಕಟ್ಟಳೆ ಬಡವರಿಗಷ್ಟೇ ಅಲ್ಲವೆಂಬುದು 390ರಲ್ಲಿ ತಿಳಿದುಬಂದಿತು. ಥೆಸಲೊನೀಕದಲ್ಲಿ ಜನರು ದಂಗೆಯೆದ್ದು ಸೇನಾಧಿಕಾರಿಯನ್ನು ಕೊಂದರು. ಚಕ್ರವರ್ತಿ ಥಿಯೊಡೋಸಿಯಸನ ಸೈನಿಕರು ಆ ಊರಿನ ಜನರನ್ನು ಕಂಡಕಂಡಂತೆ ಕೊಂದುಹಾಕಿದರು. ಮಿಲಾನಿನ ಬಿಷಪ್ ಅಂಬ್ರೋಸನು ಚಕ್ರವರ್ತಿಗೆ ಒಂದು ಪತ್ರ ಬರೆದನು: ನೀವು ಎದುರಿಗಿದ್ದರೆ ನಾನು ಬಲಿಪೂಜೆಯನ್ನು ಅರ್ಪಿಸಲಾರೆ ಎಂಬುದು ಅದರ ತಾತ್ಪರ್ಯ. ಬಿಷಪನು ಚರ್ಚಿನ ಬಾಗಿಲಲ್ಲಿ ಕೈ ಅಡ್ಡ ಹಿಡಿದು ತಡೆದನೆಂಬ ರೋಚಕವಾದ ಕಥೆ ಅನಂತರ ಬೆಳೆದದ್ದು. ನಮಗೆ ಆ ಪತ್ರವೇ ಹೆಚ್ಚಿನದೆನಿಸುತ್ತದೆ. ಚಕ್ರವರ್ತಿಯು ರಾಜವಸ್ತ್ರಗಳನ್ನು ಕಳಚಿ ಸಭೆಯಲ್ಲಿ ಎಲ್ಲರ ಮುಂದೆ ಅತ್ತು ಪಶ್ಚಾತ್ತಾಪ ತೋರಿಸಿದ ಮೇಲೆಯೇ ಅವನಿಗೆ ಪ್ರವೇಶ ಸಿಕ್ಕಿತು. ಸತ್ತವರು ಎದ್ದುಬರಲಿಲ್ಲ, ನಿಜ. ಆದರೂ ಅಂದು ಪೂಜೆಯ ಹೆಸರಿನಲ್ಲಿ ಆ ರಕ್ತವನ್ನು ಮುಚ್ಚಿಹಾಕಲು ಆಗಲಿಲ್ಲ.

ನಮ್ಮ ದೇಶದಲ್ಲಿಯೂ ಈ ಪದ್ಧತಿಯ ಒಂದು ಗುರುತನ್ನು ನೋಡಬಹುದು. 1947ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಸಭೆಯವರು 1950ರಲ್ಲಿ ತಮ್ಮ ಆರಾಧನಾ ಕ್ರಮವನ್ನು ಸಿದ್ಧಪಡಿಸುವಾಗ 'ಸಮಾಧಾನ'ವೆಂಬ ಹಳೆಯ ವಿಧಿಯನ್ನು ಮತ್ತೆ ತಂದರು. ರೊಟ್ಟಿ ದ್ರಾಕ್ಷಾರಸಗಳನ್ನು ಅರ್ಪಿಸುವುದಕ್ಕೆ ಮೊದಲು ಒಬ್ಬರ ಬಲಗೈಯನ್ನು ಇನ್ನೊಬ್ಬರು ಎರಡೂ ಅಂಗೈಗಳ ನಡುವೆ ಹಿಡಿದು, ಹೀಗೆ ಕೈಯಿಂದ ಕೈಗೆ ಸಮಾಧಾನ ಸಾಗುತ್ತದೆ. ಇಂದು ಬಹಳ ಕಡೆ ಬರಿಯ ಕೈಮುಗಿಯುವುದೂ ಉಂಟು. ಅಕ್ಕಪಕ್ಕದಲ್ಲಿ ಕುಳಿತ, ಜಗಳವೇ ಇಲ್ಲದವರಿಗೆ ಕೈಮುಗಿದರೆ ಸಲೀಸಾಗಿ ಮುಗಿಯುತ್ತದೆ. ಜಗಳವಿರುವವನು ನಾಲ್ಕು ಸಾಲು ಹಿಂದೆ ಕುಳಿತಿರುತ್ತಾನೆ, ಇಲ್ಲವೆ ಚರ್ಚಿಗೇ ಬಾರದ ನಮ್ಮಂಥವನಾಗಿರುತ್ತಾನೆ. ನಮ್ಮ ಸ್ನೇಹಿತರು ಶನಿವಾರವೇ ಬಂದದ್ದು ಏಕೆಂದು ಈಗ ತಿಳಿಯಿತು.

ಇಲ್ಲೊಂದು ಪ್ರಶ್ನೆ ಉಳಿಯುತ್ತದೆ. ಹೋಗಿ ಕೇಳಿದರೂ ಆ ಕಡೆಯವನು ಒಲಿಯದಿದ್ದರೆ? ಕಾಣಿಕೆ ಅಲ್ಲಿಯೇ ಬಿದ್ದಿರಬೇಕೆ? ಪೌಲನು ರೋಮಿನವರಿಗೆ ಬರೆದ ಕಾಗದದಲ್ಲಿ ಎಲ್ಲರ ಸಂಗಡ ಸಮಾಧಾನದಿಂದಿರಿ ಎಂದು ಹೇಳುವಾಗ, ನಿಮ್ಮ ಕೈಲಾದ ಮಟ್ಟಿಗೆ ಎಂಬ ಮಿತಿಯನ್ನೂ ಸೇರಿಸಿದ್ದಾನೆ. ಅದು ವಿವೇಕದ ಮಾತು. ಹೋಗುವುದು ನಮ್ಮ ಪಾಲಿನದು. ಬಾಗಿಲು ತೆರೆಯುವುದು ಒಳಗಿದ್ದವನದು.

ಇದನ್ನು ಬರೆದು ಮುಗಿಸುವ ಹೊತ್ತಿಗೆ ನಮಗೆ ನಮ್ಮದೇ ಲೆಕ್ಕ ತಾಳೆಯಾಗದೆ ಹೋಯಿತು. ಅಂದು 'ಆತು ಬಿಡ್ರಿ' ಎಂದು ನಾವು ಹೇಳಿದ್ದೇನೋ ಹೌದು; ಆದರೆ ಆಮೇಲೂ ಎಷ್ಟೋ ತಿಂಗಳು ಅವರು ಚಹಾಕ್ಕೆ ಕರೆದಾಗಲೆಲ್ಲ ಏನಾದರೊಂದು ನೆಪ ಹೇಳುತ್ತಿದ್ದೆವು. ಅವರ ಖಾತೆಯಲ್ಲಿ ತಪ್ಪು ಸಿಕ್ಕಿದರೆ ಒಳಗೊಳಗೆ ಸಂತೋಷವೂ ಆಗುತ್ತಿತ್ತು. ಅವರು ನಮ್ಮ ಮಾತನ್ನು ನಂಬಿ ಮರುದಿನ ತಮ್ಮ ದೇವರ ಮುಂದೆ ನಿಂತರು. ನಾವು ಕೊಟ್ಟ ಆ ನಾಣ್ಯ ಖೋಟಾ.

ಈ ಲೇಖನವನ್ನು ಅಚ್ಚಿಗೆ ಕೊಡುವ ಮೊದಲು, ಕಳೆದ ಶುಕ್ರವಾರ ರಾತ್ರಿ, ಅವರ ಚಾಳಿಗೆ ಹೋಗಿ ಇದಿಷ್ಟನ್ನೂ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗ ಗೊತ್ತಿತ್ತರೀ," ಎಂದರು. ಅವರ ಮನೆಯವರು ಚಹಾ ತಂದಿಟ್ಟರು. ಹನ್ನೊಂದರ ಪಾಳಿಯ ಭೋಂಗಾ ಕೂಗುವ ತನಕ ಅಲ್ಲಿಯೇ ಕುಳಿತಿದ್ದೆವು.