ಗೋಡೆಯ ಮೇಲಿನ ಮುತ್ತಜ್ಜ: ಹಳೆಯ ಭಾವಚಿತ್ರಗಳನ್ನು ಓದುವ ಬಗೆ

ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯ ಮನೆಯೊಂದರ ಗೋಡೆಯ ಮೇಲೆ ನೂರು ವರ್ಷಗಳಷ್ಟು ಹಳೆಯದಾದ ಭಾವಚಿತ್ರವೊಂದು ಇದೆಯೆಂದು ಭಾವಿಸೋಣ. ನಡುವೆ, ಕುರ್ಚಿಯ ಮೇಲೆ, ಕೋಟು ತೊಟ್ಟು ಜರಿಯ ಪೇಟ ಧರಿಸಿದ ಹಿರಿಯರು. ಪಕ್ಕದಲ್ಲಿ ಅವರ ಪತ್ನಿ. ಅಂಚಿನಲ್ಲಿ ಬರಿಗಾಲಿನ, ಕಪ್ಪು ಮೈಬಣ್ಣದ ಯುವಕ. “ಮುತ್ತಜ್ಜ ದೊಡ್ಡ ಸಾಹುಕಾರರು; ಅಂಚಿನಲ್ಲಿ ನಿಂತವನು ಮನೆಯ ಆಳು” ಎಂದು ಮರಿಮಕ್ಕಳು ಹೇಳಿಬಿಡುತ್ತಾರೆ. ಈ ತೀರ್ಮಾನಕ್ಕೆ ಆಧಾರವೇನು? ಪರೀಕ್ಷಿಸಿ ನೋಡೋಣ.

ಫಲಕದ ಕುರುಡು

ಮೊದಲು ಮೈಬಣ್ಣವನ್ನು ತೆಗೆದುಕೊಳ್ಳೋಣ. ಛಾಯಾಚಿತ್ರದ ಗಾಜಿನ ಫಲಕಕ್ಕೆ ಬಳಿಯುತ್ತಿದ್ದ ಬೆಳ್ಳಿಯ ಲವಣಗಳು ಸ್ವಭಾವತಃ ನೀಲಿ, ನೇರಿಳೆ ಮತ್ತು ಅತಿನೇರಿಳೆ ಕಿರಣಗಳಿಗೆ ಮಾತ್ರ ಚೆನ್ನಾಗಿ ಸ್ಪಂದಿಸುತ್ತವೆ. 1873ರಲ್ಲಿ ಜರ್ಮನಿಯ ಹರ್ಮನ್ ಫೋಗಲ್ ಎಂಬ ರಸಾಯನ ವಿಜ್ಞಾನಿ, ಲವಣಕ್ಕೆ ತಕ್ಕ ವರ್ಣದ್ರವ್ಯವನ್ನು ಬೆರೆಸಿದರೆ ಫಲಕವು ಹಸಿರನ್ನೂ ಗ್ರಹಿಸಬಲ್ಲುದೆಂದು ಕಂಡುಹಿಡಿದನು. ಆದರೂ ಕೆಂಪನ್ನು ಕಾಣದ ಫಲಕಗಳು ಇಪ್ಪತ್ತನೆಯ ಶತಮಾನದಲ್ಲಿಯೂ ಬಹುಕಾಲ ಬಳಕೆಯಲ್ಲಿದ್ದವು.

ಇದರ ಪರಿಣಾಮವೇನು? ಕೆಂಪು ಬೆಳಕು ಫಲಕದ ಮೇಲೆ ಗುರುತು ಮೂಡಿಸದ ಕಾರಣ, ಕುಂಕುಮವೂ ಸೀರೆಯ ಕೆಂಪು ಅಂಚೂ ಚಿತ್ರದಲ್ಲಿ ಕಪ್ಪಾಗುತ್ತವೆ. ತಿಳಿನೀಲಿಯ ಬಟ್ಟೆ ಬೆಳ್ಳಗಾಗುತ್ತದೆ. ಕಂದು ಬಣ್ಣದ ಚರ್ಮವು ನೀಲಿಗಿಂತ ಕೆಂಪು ಬೆಳಕನ್ನೇ ಹೆಚ್ಚಾಗಿ ಪ್ರತಿಫಲಿಸುವುದರಿಂದ, ಇದ್ದುದಕ್ಕಿಂತ ಕಪ್ಪಾಗಿ ಮೂಡುತ್ತದೆ. ಇದರ ಮೇಲೆ ಬೆಳಕು ಕಡಿಮೆ ಬೀಳುವ ಅಂಚಿನಲ್ಲಿ ನಿಂತಿದ್ದರಂತೂ ಕೇಳುವುದೇ ಬೇಡ. ಹೀಗಿರುವಲ್ಲಿ ಕಪ್ಪು ಮೈಯಿಂದ ಆಳುತನವನ್ನು ಊಹಿಸುವುದು ರಸಾಯನಕ್ರಿಯೆಯ ದೋಷವನ್ನು ಮನುಷ್ಯನ ತಲೆಗೆ ಕಟ್ಟಿದಂತೆ. ಬಣ್ಣದಿಂದ ಅಂತಸ್ತನ್ನು ಅಳೆಯುವ ಅಭ್ಯಾಸವೇ ತಪ್ಪೆಂಬುದು ಬೇರೆ ಮಾತು.

ಎರವಿನ ವೈಭವ

ಇನ್ನು ಕೋಟು, ಕುರ್ಚಿಗಳ ಮಾತು. ಚಿತ್ರ ತೆಗೆಸುವುದು ಆಗ ಅಪರೂಪದ ಸಮಾರಂಭ. ಇದ್ದುದರಲ್ಲಿ ಉತ್ತಮವಾದುದನ್ನು ಉಡುತ್ತಿದ್ದರು. ಇಲ್ಲದಿದ್ದರೆ ಎರವಲು ತರುತ್ತಿದ್ದರು. ಕಂಬ, ಉದ್ಯಾನಗಳನ್ನು ಬರೆದ ಪರದೆ, ಕೆತ್ತನೆಯ ಮೇಜು, ಹೂಕುಂಡ, ದಪ್ಪ ಪುಸ್ತಕ ಇವೆಲ್ಲ ಸ್ಟುಡಿಯೋದ ಸ್ವತ್ತು. ಕೈಯಲ್ಲಿ ಪುಸ್ತಕವಿದ್ದ ಮಾತ್ರಕ್ಕೆ ಅಕ್ಷರ ಬರುತ್ತಿತ್ತೆಂದು ಹೇಳಲಾಗದು. ಮುದ್ರಿತ ಚಿತ್ರದ ಮೇಲೆ ಕುಂಚದಿಂದ ಒಡವೆಗಳಿಗೆ ಹೊಳಪು ಕೊಡುವ ಪದ್ಧತಿಯೂ ಇದ್ದಿತು.

ಬರಿಗಾಲು ಸಹ ಬಡತನದ ಖಚಿತ ಗುರುತಲ್ಲ; ಹಿರಿಯರ ಎದುರಿನಲ್ಲಿ ಪಾದರಕ್ಷೆ ಕಳಚುವುದು ಮರ್ಯಾದೆ. ಕುರ್ಚಿಯಲ್ಲಿ ಕುಳಿತವರು, ನಿಂತವರು ಎಂಬ ಭೇದ ಅನೇಕ ವೇಳೆ ವಯಸ್ಸು, ನಂಟುಗಳನ್ನು ಸೂಚಿಸುತ್ತದೆಯೇ ಹೊರತು ಸಂಪತ್ತನ್ನಲ್ಲ.

ನಂಬಬಹುದಾದ ಸುಳಿವುಗಳು

ಹಾಗಾದರೆ ಭಾವಚಿತ್ರ ಏನನ್ನೂ ಹೇಳದೆ? ಹೇಳುತ್ತದೆ. ತೋಳು ಗಿಡ್ಡವಾದ ಅಥವಾ ಭುಜ ಜೋಲುವ ಕೋಟು ಬೇರೊಬ್ಬರದಿರಬಹುದು. ಮನೆಯ ಜಗಲಿಯಲ್ಲೇ ತೆಗೆದ ಚಿತ್ರದಲ್ಲಿ ಕಂಬ, ಬಾಗಿಲು, ನೆಲಗಳು ಪರದೆಗಿಂತ ಸತ್ಯವಾದ ಸಾಕ್ಷಿಗಳು. ಒಂದೇ ಮನೆಯ ಹಲವು ಚಿತ್ರಗಳು ಬೇರೆ ಬೇರೆ ವರ್ಷಗಳಲ್ಲಿ ತೆಗೆದವಾಗಿದ್ದರೆ, ಆ ಮನೆಯಲ್ಲಿ ಅದಕ್ಕೆ ಮತ್ತೆ ಮತ್ತೆ ಹಣವಿತ್ತೆಂದು ಊಹಿಸಬಹುದು. ರಟ್ಟಿನ ಹಿಂಬದಿಯಲ್ಲಿ ಸ್ಟುಡಿಯೋದ ಹೆಸರು, ಊರು ಇದ್ದರೆ ಕಾಲನಿರ್ಣಯಕ್ಕೆ ಅನುಕೂಲ.

ಆದರೆ ಚಿತ್ರವೊಂದರಿಂದಲೇ ತೀರ್ಪು ಕೊಡಬಾರದು. ಕಂದಾಯದ ರಶೀದಿ, ಕ್ರಯಪತ್ರ, ಶಾಲೆಯ ದಾಖಲಾತಿ ಪುಸ್ತಕಗಳೊಡನೆ ಅದನ್ನು ಹೋಲಿಸಬೇಕು. ಪಟೇಲ, ಶಾನುಭೋಗ ಮುಂತಾದ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಕಾಯಿದೆ ರದ್ದುಗೊಳಿಸಿತು. ಅದಕ್ಕೆ ಮುಂಚಿನ ಕಾಗದಪತ್ರಗಳಲ್ಲಿ ಮನೆತನದ ಸ್ಥಾನಮಾನ ತಿಳಿಯುವುದುಂಟು. ಎಲ್ಲಕ್ಕೂ ಮೊದಲು, ಮನೆಯ ಹಿರಿಯರನ್ನು ಕೇಳಬೇಕು. ಆಗ ಅಂಚಿನ ಯುವಕ ಆಳಲ್ಲ, ಮುತ್ತಜ್ಜನ ಒಡಹುಟ್ಟಿದ ತಮ್ಮನೆಂದು ತಿಳಿದುಬಂದರೂ ಆಶ್ಚರ್ಯವಿಲ್ಲ. ಒಂದು ತಪ್ಪು ಊಹೆಯಿಂದ ಒಂದು ಕವಲೇ ವಂಶವೃಕ್ಷದಿಂದ ಕತ್ತರಿಸಿಹೋಗಬಹುದು. ಆತ ನಿಜವಾಗಿ ಆಳೇ ಆಗಿದ್ದರೆ, ಅವನ ಹೆಸರೂ ಬರೆದಿಡಲು ತಕ್ಕುದೇ. ಬಹುಶಃ ಅವನ ಮನೆಯ ಗೋಡೆಯ ಮೇಲೆ ಚಿತ್ರವೇ ಇರಲಿಲ್ಲ.

ನೀವೇ ಮಾಡಿ ನೋಡಿ: ಕಡುನೀಲಿ ಬಣ್ಣದ ಪಾರದರ್ಶಕ ಕಾಗದವನ್ನು ಎರಡು ಮೂರು ಪದರ ಮಡಿಸಿ, ಅದರ ಮೂಲಕ ಕುಂಕುಮವನ್ನೂ ನಿಮ್ಮ ಅಂಗೈಯನ್ನೂ ನೋಡಿರಿ. ನಿಮ್ಮ ಮುತ್ತಜ್ಜನನ್ನು ಫಲಕವು ಕಂಡ ಬಗೆ ಸ್ವಲ್ಪಮಟ್ಟಿಗೆ ತಿಳಿಯುವುದು.